ಎರಡು ಅಂಕಿಗಳ ನಡುವಿನ ಮನುಷ್ಯ

ಮೇಲ್ಮನೆಯಲ್ಲಿ ಜನ ಹೆಚ್ಚಾಗಿದ್ದರು; ಹಣ ಹೆಚ್ಚಾಗಿರಲಿಲ್ಲ. ಲಕ್ಷ್ಮೀಕಾಂತರ ಅನುಮಾನ ಹುಟ್ಟಿದ್ದು ಇಷ್ಟರಿಂದಲೇ.

ವಿನೋಬನಗರದ ಆ ಮನೆಯ ಮೇಲಂತಸ್ತನ್ನು ದಿನಬಾಡಿಗೆಗೆ ಕೊಡಲು ತೊಡಗಿ ಮೂರು ವರ್ಷಗಳಾಗಿದ್ದವು. ಮೊಬೈಲಿನಲ್ಲಿ ಮನೆಯ ಚಿತ್ರ ನೋಡಿ, ಮುಂಚಿತವಾಗಿಯೇ ದುಡ್ಡು ಕಟ್ಟಿ, ಮದುವೆಗೋ ಜೋಗಕ್ಕೋ ಮಗಳನ್ನು ಕಾಲೇಜಿಗೆ ಸೇರಿಸಲಿಕ್ಕೋ ಬಂದವರು ಒಂದೆರಡು ರಾತ್ರಿ ತಂಗಿ ಹೋಗುತ್ತಿದ್ದರು. ಅವರು ಕಟ್ಟಿದ ದುಡ್ಡು ಮೊದಲು ಬುಕಿಂಗ್ ಕಂಪನಿಗೆ ಹೋಗುತ್ತಿತ್ತು. ಕಂಪನಿ ತನ್ನ ಶುಲ್ಕವನ್ನು ಮುರಿದುಕೊಂಡು ಉಳಿದದ್ದನ್ನು ಗುರುಪ್ರಸಾದನ ಖಾತೆಗೆ ಹಾಕುತ್ತಿತ್ತು. ಗುರುಪ್ರಸಾದ ತನ್ನ ಕೂಲಿಯನ್ನು ಹಿಡಿದುಕೊಂಡು, ತಿಂಗಳ ಕೊನೆಗೆ ಉಳಿದದ್ದನ್ನು ಲಕ್ಷ್ಮೀಕಾಂತರಿಗೆ ಕಳಿಸುತ್ತಿದ್ದ.

ಗುರುಪ್ರಸಾದ ಬೇರೆ ಯಾರೂ ಅಲ್ಲ, ಲಕ್ಷ್ಮೀಕಾಂತರ ಹೆಂಡತಿ ಶಾಮಲಾಳ ಒಡಹುಟ್ಟಿದ ತಮ್ಮ. ಭದ್ರಾವತಿಯ ನ್ಯೂಟೌನಿನಲ್ಲಿ ಅವನ ಸಂಸಾರ. ಕಾರ್ಖಾನೆಯ ಗುತ್ತಿಗೆ ಕೆಲಸ ಕೈತಪ್ಪಿದ ಮೇಲೆ ಅವನು ಹಿಡಿದದ್ದು ಈ ಕಸುಬು: ಬೇರೆಯವರ ಮನೆಗಳನ್ನು ಕಂಪನಿಯ ಪಟ್ಟಿಗೆ ಹಾಕುವುದು, ಬಂದವರಿಗೆ ಬೀಗದ ಕೈ ಕೊಡುವುದು, ಅವರು ಹೋದ ಮೇಲೆ ಗುಡಿಸಿ ಒರೆಸಿ ಹಾಸಿಗೆಯ ಬಟ್ಟೆ ಬದಲಾಯಿಸುವುದು. ಇಂಥ ಮೂರು ಮನೆಗಳು ಅವನ ಕೈಯಲ್ಲಿದ್ದವು. ಭಾವನ ಮೇಲ್ಮನೆ, ಆಲ್ಕೊಳದಲ್ಲಿ ಶೇಷಮ್ಮನವರ ಮನೆ, ರಾಗಿಗುಡ್ಡದ ಕೆಳಗೆ ಲಿಂಗಪ್ಪನವರ ಮನೆ. ಮೂರೂ ನಡೆದರೆ ಅವನ ಒಲೆ ಉರಿಯುತ್ತಿತ್ತು. ಬೇರೆ ಆದಾಯವಿರಲಿಲ್ಲ.

ಲಕ್ಷ್ಮೀಕಾಂತರು ಸಹಕಾರ ಸಂಘಗಳ ಲೆಕ್ಕ ಪರಿಶೋಧಕರಾಗಿದ್ದು ನಿವೃತ್ತರಾದವರು. ಜಿಲ್ಲೆಯ ಎಷ್ಟೋ ಸೊಸೈಟಿಗಳ ಕಾರ್ಯದರ್ಶಿಗಳು ಅವರ ಸ್ಕೂಟರಿನ ಸದ್ದು ಕೇಳಿಯೇ ಬೆವರಿದ್ದರು. ಆ ಕೆಲಸ ಅವರಿಗೆ ಎರಡು ಸೂತ್ರಗಳನ್ನು ಕಲಿಸಿತ್ತು. ಕೂಡಿಬರಬೇಕಾದ ಎರಡು ಅಂಕಿಗಳು ಕೂಡಿಬರದಿದ್ದರೆ ಅವುಗಳ ನಡುವೆ ಒಬ್ಬ ಮನುಷ್ಯನಿರುತ್ತಾನೆ, ಅವನನ್ನು ಹುಡುಕಬೇಕು. ಹುಡುಕುವಾಗ ಅವನನ್ನು ಮಾತ್ರ ಕೇಳಬಾರದು, ಕೇಳಿದರೆ ಎಚ್ಚೆತ್ತುಕೊಳ್ಳುತ್ತಾನೆ. ಸೇವೆಯಲ್ಲಿದ್ದಷ್ಟು ಕಾಲ ಈ ಸೂತ್ರಗಳು ಅವರ ಕೈಬಿಟ್ಟಿರಲಿಲ್ಲ. ಮನೆಗೂ ಅವು ಸಲ್ಲುತ್ತವೆಯೇ ಎಂದು ಪರೀಕ್ಷಿಸುವ ಸಂದರ್ಭ ಅಲ್ಲಿಯವರೆಗೆ ಬಂದಿರಲಿಲ್ಲ.

ಲೆಕ್ಕವೇನೋ ಸರಳವಾಗಿತ್ತು. ರಾತ್ರಿಗೆ ಬಾಡಿಗೆ ಎರಡು ಸಾವಿರ. ನೂರಕ್ಕೆ ಮೂರರಂತೆ ಕಂಪನಿಗೆ ಅರವತ್ತು. ಗುರುಪ್ರಸಾದನ ಕೂಲಿ ಇನ್ನೂರು. ಉಳಿಯಬೇಕಾದದ್ದು ಸಾವಿರದ ಏಳುನೂರ ನಲವತ್ತು. ಮೊದಲಿನಿಂದಲೂ ಹಾಗೆಯೇ ಬಂದಿತ್ತು. ಹನ್ನೆರಡು ರಾತ್ರಿ ಜನವಿದ್ದ ಹೋದ ವರ್ಷದ ಕಾರ್ತಿಕದಲ್ಲಿ ಇಪ್ಪತ್ತು ಸಾವಿರದ ಎಂಟುನೂರ ಎಂಬತ್ತು. ಈ ಕಾರ್ತಿಕದಲ್ಲಿ ಇಪ್ಪತ್ತೊಂದು ಸಾವಿರ ಬಂತು.

"ನೋಡಿ, ನೂರಿಪ್ಪತ್ತು ರೂಪಾಯಿ ಜಾಸ್ತೀನೇ ಕಳಿಸಿದಾನೆ" ಎಂದಳು ಶಾಮಲಾ.

ಲಕ್ಷ್ಮೀಕಾಂತರು ರಾತ್ರಿಗಳನ್ನು ಎಣಿಸಿದರು. ಆ ತಿಂಗಳು ಮೇಲ್ಮನೆಯಲ್ಲಿ ದೀಪ ಉರಿದದ್ದು ಹದಿನಾಲ್ಕು ರಾತ್ರಿ. ಹದಿನಾಲ್ಕರಿಂದ ಭಾಗಿಸಿದರೆ ರಾತ್ರಿಗೆ ಸಾವಿರದ ಐನೂರು. ಪ್ರತಿ ರಾತ್ರಿಗೆ ಇನ್ನೂರ ನಲವತ್ತು ರೂಪಾಯಿ ದಾರಿಯಲ್ಲಿ ಎಲ್ಲಿಯೋ ಇಳಿದುಹೋಗಿತ್ತು.

ಬಾಡಿಗೆಯನ್ನೇ ಇಳಿಸಿರಬಹುದಲ್ಲ ಎಂದು ತಮಗೆ ತಾವೇ ಒಂದು ಆಕ್ಷೇಪವನ್ನು ಹಾಕಿಕೊಂಡು, ಅದನ್ನು ತೀರ್ಮಾನಿಸಲೆಂದು ಮೇಲೆ ಹೋದರು. ದಾವಣಗೆರೆಯಿಂದ ಮದುವೆಗೆ ಬಂದಿದ್ದ ಹರಿಪ್ರಸಾದ್ ಎಂಬ ಔಷಧ ವ್ಯಾಪಾರಿ ಬಾಲ್ಕನಿಯಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತಿದ್ದರು.

"ಬಿಸಿನೀರು ಬಂತಾ?"

"ಭರ್ಜರಿಯಾಗಿ ಬಂತು ಸಾರ್. ಮನೆ ಚೆನ್ನಾಗಿದೆ. ಈ ಸಲ ರೇಟೂ ಕಮ್ಮಿ ಮಾಡಿದೀರಿ."

"ಕಮ್ಮಿಯಾ?"

"ಹೋದ ವರ್ಷ ನಮ್ಮ ತಂಗಿ ಮಗನ ಉಪನಯನಕ್ಕೆ ಬಂದಾಗ ಇದೇ ಮನೆಗೆ ಎರಡು ಸಾವಿರದ ಇನ್ನೂರ ಎಂಬತ್ತು ಕಟ್ಟಿದ್ದೆ. ಈ ಸಲ ಸರಿಯಾಗಿ ಎರಡು ಸಾವಿರ. ಮೊಬೈಲಲ್ಲೇ ಇದೆ, ತೋರಿಸಲಾ? ಎಲ್ಲಾ ನಿಮಗೇ ಅಲ್ವಾ ಸಾರ್ ಬರೋದು?"

"ಹೂಂ" ಎಂದರು ಲಕ್ಷ್ಮೀಕಾಂತರು. ಆಶ್ಚರ್ಯವನ್ನು ಮುಖದ ಮೇಲೆ ತರಬಾರದೆಂಬುದೂ ಅವರ ಕೆಲಸ ಕಲಿಸಿದ್ದೇ.

ಮೆಟ್ಟಿಲಿಳಿಯುವಾಗ ಅವರ ಮನಸ್ಸಿನಲ್ಲಿ ಒಂದರ ಬದಲು ಎರಡು ಕೊರತೆಗಳಿದ್ದವು. ಬಾಡಿಗೆ ಇಳಿದಿಲ್ಲ, ಆದರೂ ಈ ವರ್ಷ ರಾತ್ರಿಗೆ ಇನ್ನೂರ ನಲವತ್ತು ಕಾಣೆ. ಹೋದ ವರ್ಷವಂತೂ ಬಂದವರು ಇನ್ನೂರ ಎಂಬತ್ತು ಹೆಚ್ಚಿಗೆ ಕೊಟ್ಟಿದ್ದಾರೆ; ಅದರ ಸುಳಿವೇ ತಮಗೆ ಹತ್ತಿರಲಿಲ್ಲ. ಕಳ್ಳತನ ಹೊಸದಲ್ಲ, ಹಳೆಯದು ಎಂದಾಯಿತು. ಹಳೆಯ ಕಳ್ಳತನ ಮಾಡುವವನು ಒಂದೇ ಮನೆಯಲ್ಲಿ ಮಾಡುವುದಿಲ್ಲವೆಂಬುದು ಅವರ ಅನುಭವ.

ಆ ವಾರ ಗುರುಪ್ರಸಾದ ಮೇಲ್ಮನೆ ಗುಡಿಸಲು ಬಂದವನು ಎಂದಿನಂತೆ ಕೆಳಗೆ ಕಾಫಿಗೆ ಕೂತ. ಕೈಯಲ್ಲಿ ಹೊಸ ಮೊಬೈಲ್ ಇತ್ತು. ಲಕ್ಷ್ಮೀಕಾಂತರು ಅದನ್ನು ನೋಡಿದರು. ಅದರ ಬೆಲೆ ಎಷ್ಟಿರಬಹುದೆಂದೂ ನೋಡಿದರು.

"ಸೀಸನ್ ಹೇಗಿದೆಯೋ ಗುರು?"

"ಜನ ಜಾಸ್ತಿ ಭಾವ. ತಿಂಗಳ ಮೊತ್ತಕ್ಕೇನೂ ತೊಂದರೆ ಇಲ್ಲ."

"ಮೊತ್ತಕ್ಕೆ ತೊಂದರೆ ಇದೆ ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ. ನೀವು ಕೇಳಿದ್ರಲ್ಲ ಅಂತ ಹೇಳ್ದೆ." ಗುರುಪ್ರಸಾದ ಲೋಟದೊಳಗೆ ನೋಡುತ್ತ ಕಾಫಿ ಮುಗಿಸಿದ. "ಅಕ್ಕ, ಬೆಡ್‌ಶೀಟು ನಾಲ್ಕು ತಗೊಂಡು ಹೋಗ್ತಿದೀನಿ, ಒಗೆದು ಶುಕ್ರವಾರ ತರ್ತೀನಿ" ಎಂದು ಎದ್ದೇಬಿಟ್ಟ.

ಕೇಳದ ಪ್ರಶ್ನೆಗೆ ಉತ್ತರ ಕೊಡುವವನನ್ನು ಲಕ್ಷ್ಮೀಕಾಂತರು ಎಷ್ಟೋ ಸೊಸೈಟಿಗಳಲ್ಲಿ ಕಂಡಿದ್ದರು. ಅವರಿಗೆ ಇನ್ನು ಬೇಕಾದದ್ದು ಮತ್ತೊಂದು ಮನೆಯ ಅಂಕಿ ಮಾತ್ರ.

ಮರುದಿನ ಆಲ್ಕೊಳ ಸರ್ಕಲ್ಲಿನ ಬಳಿ ಬಸ್ಸಿಳಿದು ಶೇಷಮ್ಮನವರ ಮನೆಗೆ ಹೋದರು. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಶೇಷಮ್ಮ ಈಗ ಮುಂದಿನ ಸಣ್ಣ ಮನೆಯಲ್ಲಿದ್ದು, ಹಿಂದಿನ ಹೊಸ ಮನೆಯನ್ನು ಗುರುಪ್ರಸಾದನ ಕೈಗೆ ಕೊಟ್ಟಿದ್ದರು. ಮೊರದಲ್ಲಿ ಅವರೆಕಾಯಿ ಹಾಕಿಕೊಂಡು ಜಗಲಿಯ ಮೇಲೆ ಕೂತು ಸುಲಿಯುತ್ತಿದ್ದರು.

"ಬನ್ನಿ ಸಾರ್, ಕೂತ್ಕೊಳ್ಳಿ. ಗುರು ಅವರ ಭಾವ ಅಲ್ವಾ ನೀವು?"

"ಹೌದು. ನಿಮ್ಮ ಮನೆಗೆ ರಾತ್ರಿಗೆ ಎಷ್ಟು ಕೈಗೆ ಬರುತ್ತೆ ಅಂತ ಕೇಳೋಣ ಅಂತ ಬಂದೆ."

"ಯಾಕೆ ಸಾರ್?"

"ಸುಮ್ಮನೆ."

ಶೇಷಮ್ಮನವರ ಕೈ ನಿಂತಿತು. "ನಮ್ಮ ಯಜಮಾನ್ರು ಸೊಸೈಟೀಲಿ ಗುಮಾಸ್ತರಾಗಿದ್ರು. ಲಕ್ಷ್ಮೀಕಾಂತ ಸಾರ್ ಸುಮ್ಮನೆ ಬಂದು ಕೂತ್ಕೊಂಡ್ರು ಅಂದ್ರೆ ಸಂಜೆಯೊಳಗೆ ಯಾರದಾದ್ರೂ ಸಸ್ಪೆನ್ಷನ್ ಆರ್ಡರ್ ಬರುತ್ತೆ ಅಂತಿದ್ರು."

"ಹಾಗೇನಿಲ್ಲ."

"ಮೊದಲು ಸಾವಿರದ ಮುನ್ನೂರ ಐವತ್ತರ ಹತ್ತಿರ ಬೀಳ್ತಿತ್ತು. ಈಗ ಸಾವಿರದ ನೂರ ಅರವತ್ತು. ಕೇಳಿದ್ರೆ ಮುಂದಿನ ತಿಂಗಳು ಸರಿ ಹೋಗುತ್ತೆ ಅಂತಾನೆ. ಸರಿ ಹೋಗುತ್ತಾ ಸಾರ್?"

ಲಕ್ಷ್ಮೀಕಾಂತರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ತಲೆಯನ್ನಷ್ಟೇ ನಿಧಾನವಾಗಿ ಆಡಿಸಿದರು. ಲಿಂಗಪ್ಪನವರ ಮನೆಯಲ್ಲೂ ಅದೇ ಪ್ರಶ್ನೆ ಕೇಳಿ, ಅಂಥದೇ ಉತ್ತರ ಪಡೆದು, ಹಾಗೆಯೇ ತಲೆಯಾಡಿಸಿ ಬಂದರು. ಯಾರ ಮೇಲೂ ಒಂದು ಮಾತಿನ ಆರೋಪವನ್ನೂ ಹೊರಿಸಲಿಲ್ಲ. ಆಡಿಟರ್ ಆಗಿದ್ದವನು ಮನೆ ಹುಡುಕಿಕೊಂಡು ಬಂದು ಪ್ರಶ್ನೆ ಕೇಳುವುದೇ ಆರೋಪವೆಂಬುದು, ಆ ಪ್ರಶ್ನೆಯನ್ನು ಬದುಕಿಡೀ ಕೇಳಿದ ಅವರಿಗೊಬ್ಬರಿಗೆ ಹೊಳೆದಿರಲಿಲ್ಲ.

ಹತ್ತು ದಿನ ಕಳೆಯುವುದರೊಳಗೆ ಶಾಮಲಾ ಅಡುಗೆಮನೆಯಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು.

"ಗುರು ಫೋನ್ ಮಾಡಿದ್ದ. ಲಿಂಗಪ್ಪನವರು ಮನೆ ವಾಪಸ್ ತಗೊಂಡು ಯಾರೋ ಬ್ಯಾಂಕಿನವರಿಗೆ ತಿಂಗಳ ಬಾಡಿಗೆಗೆ ಕೊಟ್ಟುಬಿಟ್ರಂತೆ. ಆಲ್ಕೊಳದ ಅಮ್ಮ ಬೀಗ ಹಾಕ್ಕೊಂಡು ಕೂತಿದಾರಂತೆ. ಯಾರೋ ಹೋಗಿ ಕಿವಿ ಊದಿದಾರೆ."

"ಯಾರು ಅಂತ ಹೇಳಿದ್ನಾ?"

"ಕೇಳ್ದೆ. ಗೊತ್ತಿಲ್ಲ ಅಕ್ಕ ಅಂದ."

ಗೊತ್ತಿಲ್ಲದಿರುವುದು ಸಾಧ್ಯವೇ ಇಲ್ಲ ಎಂದು ಲಕ್ಷ್ಮೀಕಾಂತರು ಲೆಕ್ಕ ಹಾಕಿದರು. ಗೊತ್ತಿದ್ದೂ ಅಕ್ಕನಿಗೆ ಹೇಳಲಿಲ್ಲವೆಂದರೆ ಅವನಲ್ಲಿ ಅಳುಕಿದೆ, ಅಳುಕಿದೆಯೆಂದರೆ ತಪ್ಪಿದೆ. ಆದರೂ ಹೆಂಡತಿಯ ಕಣ್ಣೀರು ಅವರನ್ನು ಕುಟುಕಿತು. ಅವಳ ಮುಂದೆ ತಮ್ಮನ ಹೆಸರೆತ್ತುವುದಾದರೆ ಅಲ್ಲಾಡಿಸಲಾಗದ ಸಾಕ್ಷ್ಯ ಬೇಕು. ಅದಕ್ಕೊಂದು ದಾರಿಯನ್ನು ಯೋಚಿಸಿದರು. ಮನೆಯ ಹಿಂಭಾಗದಲ್ಲಿ ಅವರು ಹಿಂದೆ ಕಡತಗಳನ್ನಿಟ್ಟುಕೊಂಡು ಕೂರುತ್ತಿದ್ದ ಒಂದು ಕೋಣೆಯಿತ್ತು, ಅದಕ್ಕೆ ಪ್ರತ್ಯೇಕ ಬಾಗಿಲೂ ಬಚ್ಚಲೂ ಇದ್ದವು. ಅದನ್ನು ತಮ್ಮದೇ ಹೆಸರಿನಲ್ಲಿ, ತಮ್ಮದೇ ಖಾತೆಗೆ, ಅದೇ ಕಂಪನಿಯಲ್ಲಿ ಹಾಕುವುದು. ನಡುವೆ ಗುರುಪ್ರಸಾದನಿಲ್ಲದೆ ಹಣ ಪೂರ್ತಿ ಬಂದರೆ, ಅವನಿದ್ದಾಗ ಏಕೆ ಬರಲಿಲ್ಲವೆಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ನೂರಡಿ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಸುಷ್ಮಾ ಊರಿನವರ ಆನ್‌ಲೈನ್ ಅರ್ಜಿಗಳನ್ನೆಲ್ಲ ತುಂಬಿಕೊಡುತ್ತಿದ್ದಳು. ಲಕ್ಷ್ಮೀಕಾಂತರು ಕುರ್ಚಿಯನ್ನು ಅವಳ ಕಂಪ್ಯೂಟರಿನ ಪಕ್ಕಕ್ಕೆಳೆದು ಕೂತರು. ಪ್ರತಿ ಪುಟವನ್ನೂ ಓದಿ ಹೇಳಬೇಕೆಂದು ಕರಾರು ಮಾಡಿದರು.

"ಸಾರ್, ನನ್ನ ಮದುವೆ ಲಗ್ನಪತ್ರಿಕೇನೂ ಯಾರೂ ಇಷ್ಟು ಓದಿಸಿಲ್ಲ" ಎಂದಳು ಸುಷ್ಮಾ. "ಕೋಣೆಗೆ ರಾತ್ರಿಗೆ ಎಷ್ಟು ಹಾಕಲಿ?"

"ಸಾವಿರ."

"ಇಲ್ಲಿ ಕಂಪನಿ ಶುಲ್ಕ ಅಂತ ಒಂದು ಪುಟ ಬಂತು. ಉದ್ದ ಇದೆ, ಓದ್ತೀನಿ…"

"ಅದು ನನಗೆ ಗೊತ್ತು. ನೂರಕ್ಕೆ ಮೂರು. ಮುಂದೆ ಹೋಗಮ್ಮ."

ಸುಷ್ಮಾ ಮುಂದೆ ಹೋದಳು.

ಮೌಲ್ಯಮಾಪನಕ್ಕೆಂದು ಚಿಕ್ಕಮಗಳೂರಿನಿಂದ ಬಂದ ಉಪನ್ಯಾಸಕಿಯೊಬ್ಬರು ಆ ಕೋಣೆಯಲ್ಲಿ ಒಂದು ರಾತ್ರಿ ತಂಗಿದರು. ಹೊರಡುವಾಗ ಲಕ್ಷ್ಮೀಕಾಂತರು ಅವರನ್ನು ಕೇಳಿ ಖಚಿತಪಡಿಸಿಕೊಂಡರು; ಆಕೆ ಕಟ್ಟಿದ್ದು ಸರಿಯಾಗಿ ಸಾವಿರ ರೂಪಾಯಿ. ಒಂಬೈನೂರ ಎಪ್ಪತ್ತು ಬರಬೇಕು. ಮರುದಿನ ಬ್ಯಾಂಕಿನ ಸಂದೇಶ ಬಂತು. ಜಮೆಯಾದದ್ದು ಎಂಟುನೂರ ಐವತ್ತು.

ಅವರ ಅನುಮಾನ ಮೊದಲು ಹೋದದ್ದು ಸುಷ್ಮಾಳ ಮೇಲೆ.

"ಯಾರ ಖಾತೆ ನಂಬರ್ ಹಾಕಿದೀಯಮ್ಮ?"

"ನಿಮ್ಮದೇ ಸಾರ್! ದುಡ್ಡು ನಿಮಗೇ ಬಂದಿದೆಯಲ್ಲ."

"ಪೂರ್ತಿ ಬಂದಿಲ್ಲ. ನೂರಿಪ್ಪತ್ತು ಕಮ್ಮಿ."

"ನೂರಿಪ್ಪತ್ತು ರೂಪಾಯಿ ಹೊಡೆಯೋಕೆ ನಾನು ಅಂಗಡಿ ಇಟ್ಟಿಲ್ಲ. ಹೊಡೆಯೋದಾದ್ರೆ ಸರಿಯಾಗಿ ಹೊಡೀತಿದ್ದೆ." ಅವಳು ಸಿಟ್ಟಿನಿಂದಲೇ ಕಂಪ್ಯೂಟರ್ ತಿರುಗಿಸಿದಳು. "ಆವತ್ತು ಓದೋಕೆ ಹೋದೆ, ಗೊತ್ತು ಅಂದ್ರಿ. ಈಗ ಕೇಳಿ. ದಸರಾ ತನಕ ಕಂಪನಿಯವರು ಮನೆಯವರ ಹತ್ರ ನೂರಕ್ಕೆ ಮೂರು ತಗೊಂಡು, ಬಂದು ಇಳ್ಕೊಳ್ಳೋರ ಹತ್ರ ಬಾಡಿಗೆ ಮೇಲೆ ನೂರಕ್ಕೆ ಹದಿನಾಲ್ಕು ಬೇರೆ ತಗೊಳ್ತಿದ್ರಂತೆ. ಈಗ ಇಳ್ಕೊಳ್ಳೋರ ಹತ್ರ ಏನೂ ಇಲ್ಲ. ಮನೆಯವರ ಹತ್ರಾನೇ ಹದಿನೈದು."

ಲಕ್ಷ್ಮೀಕಾಂತರು ಅದನ್ನೊಮ್ಮೆ ತಾವೇ ಓದಿದರು. ಕಂಪನಿಯೇ ಸುಳ್ಳು ಹೇಳುತ್ತಿರಬಹುದೇ ಎಂದು ಮತ್ತೊಮ್ಮೆ ಓದಿದರು. ಬಳಿಕ ಮನಸ್ಸಿನಲ್ಲೇ ಲೆಕ್ಕ ಮಾಡಿದರು. ಎರಡು ಸಾವಿರಕ್ಕೆ ಹದಿನಾಲ್ಕರಂತೆ ಇನ್ನೂರ ಎಂಬತ್ತು. ಹೋದ ವರ್ಷ ದಾವಣಗೆರೆಯ ವ್ಯಾಪಾರಿ ಹೆಚ್ಚಿಗೆ ಕೊಟ್ಟದ್ದು ಅಷ್ಟೇ. ಹದಿನೈದರಂತೆ ಮುನ್ನೂರು, ಹಿಂದೆ ಮುರಿಯುತ್ತಿದ್ದ ಅರವತ್ತನ್ನು ಅದರಲ್ಲಿ ಕಳೆದರೆ ಇನ್ನೂರ ನಲವತ್ತು. ಎರಡು ಕೊರತೆಗಳೂ ರೂಪಾಯಿಗೆ ರೂಪಾಯಿ ಕೂಡಿಬಂದವು. ತಮ್ಮ ಜೀವನದಲ್ಲಿ ಲೆಕ್ಕವೊಂದು ತಾಳೆಯಾಗಬಾರದಿತ್ತೆಂದು ಅವರಿಗೆ ಅನ್ನಿಸಿದ್ದು ಅದೇ ಮೊದಲು.

ಕೋಣೆಯ ಹಣದ ಮಟ್ಟಿಗೆ ಆ ಎರಡು ಅಂಕಿಗಳ ನಡುವೆ ಇದ್ದ ಮನುಷ್ಯರು ತಾವೊಬ್ಬರೇ. ತಾವು ಕದ್ದಿರಲಿಲ್ಲ. ಗುರುಪ್ರಸಾದನೂ ಕದ್ದಿರಲಿಲ್ಲ. ಅವನ ಕೈಯಲ್ಲಿದ್ದ ಮೂರು ಮನೆಗಳಲ್ಲಿ ಎರಡನ್ನು ಮಾತ್ರ ತಾವು ತಪ್ಪಿಸಿಯಾಗಿತ್ತು.

ಮರುದಿನ ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದರು. ಶಾಮಲಾಳಿಗೆ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಿ ಬರುತ್ತೇನೆಂದು ಹೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಸಹೋದ್ಯೋಗಿಯ ಕಾಯಿಲೆಯನ್ನೂ ಸೇರಿಸಿ ಹೇಳಿದರು. ಆಕೆ ಆ ಸಹೋದ್ಯೋಗಿಗೆಂದು ಒಂದು ಡಬ್ಬಿ ಚಕ್ಕುಲಿ ಕೊಟ್ಟು ಕಳಿಸಿದಳು.

ನ್ಯೂಟೌನಿನ ಮನೆಯ ಬಾಗಿಲು ತೆಗೆದವಳು ಗುರುಪ್ರಸಾದನ ಹೆಂಡತಿ ಪ್ರಿಯಂವದಾ.

"ಬನ್ನಿ ಅಣ್ಣ. ಬೀರು ಬೀಗ ತೆಗೆದಿಡಲಾ, ಇಲ್ಲ ಮೊದಲು ನೀರು ಕುಡೀತೀರಾ?"

ಲಕ್ಷ್ಮೀಕಾಂತರು ಡಬ್ಬಿಯನ್ನು ಅವಳ ಕೈಗಿತ್ತು, "ನೀರು ಸಾಕಮ್ಮ" ಎಂದರು.

ಗುರುಪ್ರಸಾದ ತಾರಸಿಯ ಮೇಲಿದ್ದ. ಮೂರು ಮನೆಗಳ ಬಟ್ಟೆ ಹರವಲು ಕಟ್ಟಿದ್ದ ಹಗ್ಗಗಳಲ್ಲಿ ಒಂದರ ಮೇಲೆ ಮಾತ್ರ ಬೆಡ್‌ಶೀಟುಗಳಿದ್ದವು. ಭಾವನನ್ನು ಕಂಡು ಅವನು ಅಚ್ಚರಿಪಡಲಿಲ್ಲ. ಮೋರಿಯ ಪಕ್ಕದ ಸ್ಟೂಲನ್ನು ಒರೆಸಿ ಮುಂದಿಟ್ಟ.

"ಶುಲ್ಕ ಹದಿನೈದಾಗಿದೆ ಅಂತ ನನಗೆ ಯಾಕೆ ಹೇಳಲಿಲ್ಲ?" ಎಂದರು ಲಕ್ಷ್ಮೀಕಾಂತರು. ತಪ್ಪೊಪ್ಪಿಕೊಳ್ಳಲು ಬಂದವರ ಬಾಯಿಂದ ಹೊರಟದ್ದು ವಿಚಾರಣೆಯೇ.

"ಗೊತ್ತಾಯ್ತಾ ಭಾವ?" ಗುರುಪ್ರಸಾದ ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡ. "ಹೇಳಿದ್ರೆ ಇವತ್ತೇ ಬಾಡಿಗೆ ಏರಿಸು ಅಂತಿದ್ರಿ. ಊರಲ್ಲಿ ಬೇರೆ ಯಾರೂ ಏರಿಸಿರಲಿಲ್ಲ. ನಾವೊಬ್ಬರೇ ಏರಿಸಿದ್ರೆ ಜನ ಪಕ್ಕದ ಮನೆಗೆ ಹೋಗ್ತಾರೆ. ಏರಿಸದೆ ಬಿಟ್ರೆ ಬರೋರ ಕಣ್ಣಿಗೆ ರೇಟು ಕಮ್ಮಿ ಆಗಿದೆ ಅಂತ ಕಾಣುತ್ತೆ. ನಾಲ್ಕು ಜನ ಜಾಸ್ತಿ ಬರ್ತಾರೆ. ರಾತ್ರಿಗೆ ಕಮ್ಮಿ ಆದ್ರೂ ತಿಂಗಳ ಮೊತ್ತ ಇಳಿಯಲ್ಲ. ಮೊತ್ತ ಇಳೀದಿದ್ರೆ ಭಾವ ಕೇಳಲ್ಲ ಅಂದ್ಕೊಂಡೆ."

"ನಾನು ಮೊತ್ತ ನೋಡಿ ನಂಬೋನಲ್ಲ."

"ಈಗ ಗೊತ್ತಾಯ್ತು."

"ಇನ್ನೊಂದು. ಎರಡು ರಾತ್ರಿ ಜಾಸ್ತಿ ಆಗಿದ್ದಕ್ಕೆ ನನಗೆ ಬಂದದ್ದು ನೂರಿಪ್ಪತ್ತು. ನಿನಗೆ ರಾತ್ರಿಗೆ ಇನ್ನೂರರಂತೆ ನಾನೂರು ಬಂತು."

ಗುರುಪ್ರಸಾದ ಹಗ್ಗದ ಮೇಲಿನ ಬೆಡ್‌ಶೀಟೊಂದನ್ನು ಎಳೆದು ಸರಿಮಾಡಿದ. "ಬಂತು ಭಾವ. ಎರಡು ದಿನ ಜಾಸ್ತಿ ಬಚ್ಚಲು ತೊಳೆದದ್ದೂ ನಾನೇ."

ಆ ನಾನೂರರ ಲೋಭದಿಂದಲೇ ಅವನು ಸುದ್ದಿಯನ್ನು ಮುಚ್ಚಿಟ್ಟಿದ್ದನೋ ಇಲ್ಲವೋ ಎಂಬುದನ್ನು ಲಕ್ಷ್ಮೀಕಾಂತರು ಅವನ ಮುಖದ ಮೇಲೆ ಹುಡುಕಿದರು. ಸಿಗಲಿಲ್ಲ. ಇನ್ನು ಹುಡುಕಬಾರದೆಂದು ತಮ್ಮನ್ನು ತಾವೇ ತಡೆದುಕೊಂಡರು.

"ಶೇಷಮ್ಮನವರ ಮನೆಗೂ ಲಿಂಗಪ್ಪನವರ ಮನೆಗೂ ಹೋದವನು ನಾನು."

"ಶೇಷಮ್ಮನವರೇ ಫೋನ್ ಮಾಡಿ ಹೇಳಿದ್ರು. ನಿನ್ನ ಸ್ವಂತ ಭಾವನೇ ನಿನ್ನನ್ನ ನಂಬಲ್ಲ, ನಾನು ಯಾವ ಧೈರ್ಯದ ಮೇಲೆ ನಂಬಲಿ ಅಂದ್ರು. ಹೋಗಿ ಬೀಗದ ಕೈ ಕೊಟ್ಟು ಬಂದೆ."

"ಅಕ್ಕನಿಗೆ ಯಾಕೆ ಹೇಳಲಿಲ್ಲ?"

"ನನ್ನ ಮನೆ ಎರಡು ಹೋಯ್ತು. ಅವಳ ಮನೇನೂ ಕೆಡಿಸ್ಲಾ?"

ಅವನಲ್ಲಿದ್ದ ಅಳುಕಿಗೆ ತಾವು ಕೊಟ್ಟಿದ್ದ ಅರ್ಥವನ್ನು ನೆನೆದು ಲಕ್ಷ್ಮೀಕಾಂತರು ತಲೆ ತಗ್ಗಿಸಿದರು. "ತಪ್ಪಾಯ್ತು ಮಾರಾಯ" ಎಂದರು. ಆ ಮಾತು ಬಾಯಿಗೆ ಹೊಸದಾದ್ದರಿಂದ ಕೆಮ್ಮಿನ ಜೊತೆ ಬಂತು. ಅಕ್ಕನಿಗೆ ತಾವೇ ಹೇಳುವುದಾಗಿಯೂ ಸೇರಿಸಿದರು.

ಊರಿಗೆ ಬಂದು ಹೇಳಿಯೂ ಹೇಳಿದರು. ಶಾಮಲಾ ಬತ್ತಿ ಹೊಸೆಯುತ್ತಿದ್ದವಳು ಹೊಸೆಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು.

"ಅವನನ್ನ ಒಂದು ಮಾತು ಕೇಳಿದ್ರೆ ಏನಾಗ್ತಿತ್ತು?"

"ಕೇಳಿದ್ರೆ ಎಚ್ಚೆತ್ತುಕೊಳ್ತಾನೆ ಅಂತ."

"ಇಷ್ಟು ವರ್ಷ ನನ್ನ ಮನೆಖರ್ಚನ್ನೂ ಹೀಗೇ ಕೇಳದೆ ನೋಡಿದೀರಾ?"

ಲಕ್ಷ್ಮೀಕಾಂತರು ನೋಡಿದ್ದರು.

"ನನ್ನ ಹತ್ರ ತಪ್ಪಾಯ್ತು ಅನ್ನೋದೇನೂ ಬೇಡ" ಎಂದಳು ಶಾಮಲಾ. "ಹೋದ ಮನೆ ಅವನಿಗೆ ವಾಪಸ್ ಕೊಡಿಸಿ."

ಲಿಂಗಪ್ಪನವರ ಮನೆಯಲ್ಲಿ ಬ್ಯಾಂಕಿನವರ ಸಂಸಾರ ಆಗಲೇ ಹಾಲುಕ್ಕಿಸಿ ಕೂತಿತ್ತು. ಆ ಮನೆ ಇನ್ನು ಬರುವಂತಿರಲಿಲ್ಲ. ಉಳಿದದ್ದು ಆಲ್ಕೊಳದ್ದು. ಭಾವ ಭಾವಮೈದುನ ಇಬ್ಬರೂ ಒಟ್ಟಿಗೆ ಹೋಗಿ ಶೇಷಮ್ಮನವರ ಜಗಲಿಯ ಮೇಲೆ ಕೂತರು. ಲಕ್ಷ್ಮೀಕಾಂತರು ಹಳೆಯ ಶುಲ್ಕವೆಷ್ಟು, ಹೊಸದೆಷ್ಟು, ಯಾರಿಂದ ಯಾರಿಗೆ ಹೊರೆ ದಾಟಿತು ಎಂಬುದನ್ನು ಒಂದೊಂದಾಗಿ ಬಿಡಿಸಿ ಹೇಳಿದರು. ಶೇಷಮ್ಮ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣಾಡಿಸುತ್ತ ಕೇಳಿದರು.

"ಹೋದ ಸಲ ಒಬ್ಬರೇ ಬಂದು ತಲೆ ಆಡಿಸಿದ್ರಿ. ಈ ಸಲ ಇಬ್ಬರೂ ಬಂದು ಲೆಕ್ಕ ಹೇಳ್ತಿದೀರಿ. ನಡುವೆ ಏನು ಒಪ್ಪಂದ ಆಯ್ತು ಸಾರ್?"

"ಒಪ್ಪಂದ ಏನೂ ಇಲ್ಲ. ನನ್ನಿಂದ ತಪ್ಪಾಗಿತ್ತು."

"ಆಡಿಟರಿಂದ?" ಶೇಷಮ್ಮ ನಕ್ಕರು. "ಅದನ್ನ ನಂಬೋದಕ್ಕಿಂತ ನೀವಿಬ್ಬರೂ ಒಂದಾಗಿದೀರಿ ಅಂತ ನಂಬೋದು ಸುಲಭ ಕಣ್ರೀ."

"ಅಮ್ಮ, ಬೇಕಾದ್ರೆ ಕಂಪನಿಯ ಪುಟ ತೋರಿಸ್ತೀನಿ" ಎಂದ ಗುರುಪ್ರಸಾದ.

"ನಿನ್ನ ಮೊಬೈಲು, ನಿನ್ನ ಪುಟ. ನನಗೇನು ಗೊತ್ತಾಗುತ್ತಪ್ಪ? ದುಡ್ಡು ಕಮ್ಮಿ ಬಂದ್ರೆ ಆ ಕಂಪನಿಯವರ ಮನೆ ಎಲ್ಲಿದೆ ಅಂತ ಹುಡುಕ್ಕೊಂಡು ಹೋಗಲಿ?" ಅವರು ಲಕ್ಷ್ಮೀಕಾಂತರ ಕಡೆ ತಿರುಗಿದರು. "ನಿಮ್ಮ ಮನೆ ಎಲ್ಲಿದೆ ಅಂತ ನನಗೆ ಗೊತ್ತು. ನೀವು ಜಾಮೀನು ನಿಲ್ಲಿ. ರಾತ್ರಿಗೆ ಸಾವಿರದ ಮುನ್ನೂರ ಐವತ್ತು ನನ್ನ ಕೈಗೆ ಬರಬೇಕು. ಕಮ್ಮಿ ಬಿದ್ರೆ ವಿನೋಬನಗರಕ್ಕೆ ಬಂದು ನಿಮ್ಮ ಗೇಟಿನ ಮುಂದೆ ನಿಂತು ಕೇಳ್ತೀನಿ, ಬೀದಿಯವರಿಗೆಲ್ಲ ಕೇಳಿಸೋ ಹಾಗೆ. ಒಪ್ಪಿಗೆ ಇದ್ರೆ ಹೇಳಿ, ಇಲ್ಲಾಂದ್ರೆ ಕಾಫಿ ಕುಡಿದು ಹೋಗಿ."

ಲಕ್ಷ್ಮೀಕಾಂತರು ಬದುಕಿನಲ್ಲಿ ಯಾರಿಗೂ ಜಾಮೀನು ನಿಂತವರಲ್ಲ. ನಿಂತವರು ಮುಳುಗಿದ್ದನ್ನು ಸೊಸೈಟಿಗಳಲ್ಲಿ ತಾವೇ ಪತ್ತೆ ಹಚ್ಚಿ ಬರೆದವರು. ಅವರು ಕಣ್ಣು ಮುಚ್ಚಿ ಲೆಕ್ಕ ಹಾಕಿದರು. ಶೇಷಮ್ಮನವರ ಸಾವಿರದ ಮುನ್ನೂರ ಐವತ್ತು, ಗುರುವಿನ ಇನ್ನೂರು, ಕೂಡಿದರೆ ಸಾವಿರದ ಐನೂರ ಐವತ್ತು. ಅದಕ್ಕೆ ಹದಿನೈದನ್ನು ಕೂಡಿಸಿದರೆ ಸಾಲದು. ಕಂಪನಿ ಮುರಿಯುವುದು ಕೂಡಿಸಿದ ಮೇಲಿನ ಮೊತ್ತದಿಂದ, ಆದ್ದರಿಂದ ಎಂಬತ್ತೈದರಿಂದ ಭಾಗಿಸಿ ನೂರರಿಂದ ಗುಣಿಸಬೇಕು. ಬಾಡಿಗೆ ಸಾವಿರದ ಎಂಟುನೂರ ಇಪ್ಪತ್ತೈದಾಗಬೇಕು. ಅಷ್ಟಕ್ಕೆ ಜನ ಬರುತ್ತಾರೋ ಇಲ್ಲವೋ ಎಂಬುದು ಯಾವ ಗಣಿತಕ್ಕೂ ಸಿಗುವಂತಿರಲಿಲ್ಲ.

"ಒಪ್ಪಿದೆ" ಎಂದರು ಲಕ್ಷ್ಮೀಕಾಂತರು.

ಶೇಷಮ್ಮ ಒಳಗೆ ಹೋಗಿ ಬೀಗದ ಕೈಗೊಂಚಲನ್ನು ತಂದು ಗುರುಪ್ರಸಾದನ ಮುಂದಿಟ್ಟರು. ಕಣ್ಣು ಮಾತ್ರ ಲಕ್ಷ್ಮೀಕಾಂತರ ಮೇಲೆಯೇ ಇತ್ತು.

ಸರ್ಕಲ್ಲಿನವರೆಗೆ ಇಬ್ಬರೂ ನಡೆದು ಬಂದರು. ಬಸ್ಸಿಗೆ ಕಾಯುತ್ತ ನಿಂತಾಗ ಗುರುಪ್ರಸಾದ ಕೇಳಿದ:

"ಭಾವ, ಕಂಪನಿಯವರು ಮುಂದಿನ ತಿಂಗಳು ನೂರಕ್ಕೆ ಇನ್ನೂ ಎರಡು ಏರಿಸಿದ್ರೆ?"

"ನಮಗೆ ಮೊದಲೇ ಹೇಳಲ್ವಾ?"

"ಹೇಳ್ತಾರೆ. ಒಪ್ಪಿಗೆ ಅಂತ ಒತ್ತೋಕೆ ಹೇಳ್ತಾರೆ. ಒತ್ತದಿದ್ರೆ ಮನೆ ಪಟ್ಟಿಯಿಂದ ಹೋಗುತ್ತೆ."

"ಹಾಗಾದ್ರೆ ಆವತ್ತು ಆಯಮ್ಮ ನನ್ನ ಗೇಟಿನ ಮುಂದೆ ನಿಂತು ನನ್ನನ್ನ ಕಳ್ಳ ಅಂತಾಳೆ."

"ಅಂತಾರೆ" ಎಂದ ಗುರುಪ್ರಸಾದ. "ಅಭ್ಯಾಸ ಆಗುತ್ತೆ ಭಾವ."

ಲಕ್ಷ್ಮೀಕಾಂತರು ಅವನ ಕಡೆ ತಿರುಗಿ ನೋಡಿದರು. ಅವನು ಹೇಳಿದ್ದು ತಮಾಷೆಗೋ, ಮನಸ್ಸಿನಲ್ಲಿಟ್ಟುಕೊಂಡೋ ತಿಳಿಯಲಿಲ್ಲ. ಅವನನ್ನೇ ಕೇಳಬಹುದಿತ್ತು. ಅಷ್ಟರಲ್ಲಿ ಬಸ್ಸು ಬಂತು, ಗುರುಪ್ರಸಾದ ಮುಂದಿನ ಬಾಗಿಲಿನಿಂದ ಹತ್ತಿ ಇಬ್ಬರಿಗೂ ಟಿಕೇಟು ತೆಗೆಸಿದ.